ಹೆದ್ದಾರಿಯ ನೆತ್ತಿಯಲ್ಲಿ ನಳಿನಾಕ್ಷಿ

ಕೆನಡಾದ ಒಶಾವಾ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸ್ತೆಗೆ ಅಡ್ಡಲಾಗಿ ನಿಂತ ಉಕ್ಕಿನ ಕಮಾನಿನ ಬುಡಕ್ಕೆ ಒಂದು ಲಾರಿ ಬಂದು ನಿಲ್ಲುತ್ತದೆ. ಯಾರಾದರೂ ನಿದ್ದೆಗಣ್ಣಲ್ಲಿ ಬಂದು ಗುದ್ದಿದರೆ ಆ ಏಟು ತಾನೇ ತಿನ್ನಲೆಂದು ಅದರ ಬೆನ್ನಿಗೆ ಇನ್ನೊಂದು ಕಾವಲು ಲಾರಿ ನಿಂತಿದೆ. ಮೊದಲ ಲಾರಿಯ ಉದ್ದನೆಯ ತೋಳು ಮಡಿಕೆ ಬಿಚ್ಚಿಕೊಂಡು ಮೇಲೇರುತ್ತದೆ. ತೋಳಿನ ತುದಿಯಲ್ಲಿ ಒಂದು ಬುಟ್ಟಿ. ಬುಟ್ಟಿಯೊಳಗೆ ಕಿತ್ತಳೆ ಬಣ್ಣದ ಜಾಕೆಟ್ಟು, ಅದರೊಳಗೆ ಎರಡೆರಡು ಸ್ವೆಟರು, ಹೆಲ್ಮೆಟಿನ ಅಡಿಯಲ್ಲಿ ಉಣ್ಣೆಯ ಟೋಪಿ, ಟೋಪಿಯ ಅಡಿಯಲ್ಲಿ ತೆಂಗಿನೆಣ್ಣೆ ಹಾಕಿ ಬಿಗಿದ ಜಡೆ. ಇಷ್ಟೆಲ್ಲದರ ನಡುವೆ ಎಲ್ಲೋ ನಳಿನಾಕ್ಷಿ ಇದ್ದಾರೆ.

ಮಾರ್ಚ್ ತಿಂಗಳು. ಚಳಿಗಾಲವಿಡೀ ಹಿಮ ಕರಗಿಸಲು ಸುರಿದ ಉಪ್ಪು ಚಕ್ರಗಳಿಂದ ಎದ್ದು, ಗಾಳಿಗೆ ಹಾರಿ, ಕಮಾನಿನ ಮೇಲಿನ ಬೋರ್ಡುಗಳ ಮುಖಕ್ಕೆಲ್ಲ ಬೆಳ್ಳಗೆ ಅಂಟಿಕೊಂಡಿದೆ. ನಳಿನಾಕ್ಷಿ ಬೆಚ್ಚನೆಯ ನೀರಿನಲ್ಲಿ ಮೆತ್ತನೆಯ ಬ್ರಷ್ಷು ಅದ್ದುತ್ತಾರೆ. ನಿದ್ದೆಯಿಂದೆದ್ದ ಮಗುವಿನ ಮುಖ ತೊಳೆಸುವ ಹಾಗೆ ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ ಒರೆಸುತ್ತಾರೆ. ಉಪ್ಪಿನ ಪರೆ ಕರಗಿದಂತೆಲ್ಲ ಒಳಗಿನ ದೀಪದ ಅಂಕಿ ಮಸುಕಿನಿಂದ ಹೊರಗೆ ಬರುತ್ತದೆ. ಎಂಬತ್ತು.

ಕೆಳಗೆ ಒಂದು ಕಾರು ಉದ್ದಕ್ಕೆ ಹಾರ್ನ್ ಬಾರಿಸಿಕೊಂಡು ಹೋಗುತ್ತದೆ. ಇಷ್ಟು ಚಳಿಯಲ್ಲೂ ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಒಂದು ಬೆರಳು ಎತ್ತಿ ತೋರಿಸುವಷ್ಟು ಶ್ರದ್ಧೆ ಆ ಚಾಲಕನಿಗಿದೆ. ನಳಿನಾಕ್ಷಿ ತಿರುಗಿಯೂ ನೋಡುವುದಿಲ್ಲ.

"ಅದು ನನಗಲ್ಲ, ಬೋರ್ಡಿಗೆ," ಎನ್ನುತ್ತಾರೆ ಆಮೇಲೆ ಕೆಳಗಿಳಿದು, ಫ್ಲಾಸ್ಕಿನಿಂದ ಕೊತ್ತಂಬರಿ ಕಷಾಯ ಬಗ್ಗಿಸುತ್ತಾ. "ಪಾಪ, ಅದಕ್ಕೆ ಕಿವಿ ಇಲ್ಲ ಅಲ್ಲಾ. ಹಾಗಾಗಿ ಅದರ ಪರವಾಗಿ ನಾನು ಕೇಳಿಸಿಕೊಳ್ಳುದು."

ಈ ಹೆದ್ದಾರಿಯ ಒಂದು ತುಂಡಿಗೆ ಬದಲಾಗುವ ವೇಗಮಿತಿ ಬಂದು ಎರಡು ವರ್ಷವಾಗುತ್ತಿದೆ. ಪ್ರಯೋಗಕ್ಕೆಂದು ಬಂದದ್ದು. ರಸ್ತೆ ಸಲೀಸಾಗಿದ್ದರೆ ಬೋರ್ಡು ನೂರು ಎನ್ನುತ್ತದೆ. ಎಲ್ಲೋ ಮುಂದೆ ಕಾರುಗಳು ಒತ್ತೊತ್ತಾಗುತ್ತಿವೆ ಎಂದು ದಾರಿ ಬದಿಯ ರಾಡಾರುಗಳಿಗೆ ಗೊತ್ತಾದರೆ, ಹಿಂದಿನ ಬೋರ್ಡುಗಳು ಎಂಬತ್ತಕ್ಕೆ, ಅರವತ್ತಕ್ಕೆ ಇಳಿಯುತ್ತವೆ. ಎಂಜಿನಿಯರುಗಳು ಇದನ್ನು ವಿವರಿಸಲು ಗ್ರಾಫು ಬಿಡಿಸುತ್ತಾರೆ. ನಳಿನಾಕ್ಷಿಗೆ ಗ್ರಾಫು ಬೇಕಿಲ್ಲ. "ಮದುವೆ ಊಟದ ಹಾಲ್ ನೋಡಿದ್ದೀರಲ್ಲ ನೀವು. ಬಾಗಿಲು ತೆಗೆದ ಕೂಡ್ಲೇ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಎಂತ ಆಗ್ತದೆ? ಬಾಗಿಲಲ್ಲೇ ಸಿಕ್ಕಿ ಬೀಳುದು. ಹಿಂದಿನವ್ರು ನಾಲ್ಕು ಹೆಜ್ಜೆ ಮೆಲ್ಲ ಬಂದ್ರೆ ಯಾರೂ ನಿಲ್ಲುದೇ ಬೇಡ. ಅಷ್ಟೇ ಇದು."

ಅಷ್ಟೇ ಇದು, ಸರಿ. ಆದರೆ ನಾಲ್ಕು ಹೆಜ್ಜೆ ಮೆಲ್ಲ ಬಾ ಎಂದರೆ ಯಾರಿಗೆ ಇಷ್ಟವಾಗುತ್ತದೆ? ಗ್ರೇಟರ್ ಟೊರಾಂಟೊದಲ್ಲಿ ಹವಾಮಾನ ಬಿಟ್ಟರೆ ಜನ ಒಗ್ಗಟ್ಟಿನಿಂದ ಬೈಯುವುದು ಟ್ರಾಫಿಕ್ಕನ್ನು. ಈಗ ಟ್ರಾಫಿಕ್ಕಿನ ಜೊತೆಗೆ ಈ ಬೋರ್ಡುಗಳೂ ಸೇರಿಕೊಂಡಿವೆ. ದುಡ್ಡು ಕೀಳುವ ಉಪಾಯ ಎನ್ನುವವರಿದ್ದಾರೆ. ನಮ್ಮ ಕಾಲಿನ ಕೆಳಗಿನ ಪೆಡಲು ನಮ್ಮದು, ಕಂಪ್ಯೂಟರಿನದಲ್ಲ ಎನ್ನುವವರಿದ್ದಾರೆ. ನಾನಂತೂ ಪಾಲಿಸುತ್ತೇನೆ, ಬೇರೆಯವರು ಪಾಲಿಸುವುದಿಲ್ಲ ಎನ್ನುವವರೇ ಎಲ್ಲರಿಗಿಂತ ಹೆಚ್ಚು. ನಳಿನಾಕ್ಷಿಯ ಮನೆಯಲ್ಲೂ ಬೋರ್ಡಿಗೆ ಮರ್ಯಾದೆಯಿಲ್ಲ. ಒಶಾವಾದಲ್ಲಿ ಓದುತ್ತಿರುವ ಮಗಳು ಶ್ರೇಯಾ ಅಮ್ಮನ ತುಳು ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಅಮ್ಮಾ, ನೋಬಡಿ ರೀಡ್ಸ್ ದೆಮ್," ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಕೋಣೆ ಸೇರುತ್ತಾಳೆ.

ಎಲ್ಲ ದೂರುಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ. ಥಾರ್ನ್‌ಹಿಲ್‌ನ ಸಾಫ್ಟ್‌ವೇರ್ ಎಂಜಿನಿಯರ್ ಉಮಾಶಂಕರ ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಾರೆ. ಬೆಂಗಳೂರಿನ ಬಸವನಗುಡಿಯವರು, ವಾರಕ್ಕೆ ಮೂರು ದಿನ ಒಶಾವಾದ ಆಫೀಸಿಗೆ ಹೋಗುವವರು. "ಬೋರ್ಡು ಅರವತ್ತು ಅಂತು, ನಾನು ಬೆಪ್ಪನ ಹಾಗೆ ಅರವತ್ತಕ್ಕೆ ಇಳಿಸ್ದೆ. ಐದು ಕಿಲೋಮೀಟರ್ ಹೋದ್ಮೇಲೆ ನೋಡಿದ್ರೆ ಏನೂ ಇರ್ಲಿಲ್ಲ ಕಣ್ರೀ. ಆಕ್ಸಿಡೆಂಟಿಲ್ಲ, ಜಾಮಿಲ್ಲ. ಏನೂ ಇರ್ಲಿಲ್ಲ. ಸುಮ್ನೆ ಆಟ ಆಡಿಸ್ತಾರೆ."

ಏನೂ ಇರಲಿಲ್ಲ. ಈ ಮಾತು ನಳಿನಾಕ್ಷಿಯ ಕಿವಿಗೆ ಬೀಳದ ವಾರವಿಲ್ಲ. ದೇವಸ್ಥಾನದ ಪಾರ್ಕಿಂಗಿನಲ್ಲಿ, ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ, ಯಾರದೋ ಮಗುವಿನ ಹುಟ್ಟುಹಬ್ಬದ ಬೇಸ್‌ಮೆಂಟಿನಲ್ಲಿ. ಅವರು ಏನು ಕೆಲಸ ಮಾಡುತ್ತಾರೆಂದು ಬಹಳ ಮಂದಿಗೆ ಗೊತ್ತಿಲ್ಲ. "ಹೈವೇ ಮೇಂಟೆನೆನ್ಸು" ಎನ್ನುತ್ತಾರೆ, ಕೇಳಿದವರು ಹುಲ್ಲು ಕತ್ತರಿಸುವ ಕೆಲಸವಿರಬೇಕು ಎಂದುಕೊಂಡು ಮಾತು ಬದಲಿಸುತ್ತಾರೆ. ಅದೂ ಅವರಿಗೆ ಬೇಸರವಲ್ಲ. ಬೇಸರ ಬೇರೆಯದೇ ಇದೆ. ಪ್ರಯೋಗದ ಅವಧಿ ಮುಗಿಯುತ್ತ ಬಂದಿದೆ. ಚಾಲಕರು ಏನೆನ್ನುತ್ತಾರೆ ಎಂದು ಕೇಳಿ, ಬೋರ್ಡುಗಳನ್ನು ಉಳಿಸುವುದೋ ಇಳಿಸುವುದೋ ಅಧಿಕಾರಿಗಳು ತೀರ್ಮಾನಿಸುತ್ತಾರಂತೆ.

"ಇಳಿಸುದಾದ್ರೆ ಅದನ್ನೂ ನಾನೇ ಇಳಿಸ್ಬೇಕು," ಎನ್ನುತ್ತಾರೆ ನಳಿನಾಕ್ಷಿ. "ನನ್ನ ಕೆಲಸಕ್ಕೆ ತೊಂದರೆ ಇಲ್ಲ, ಬೇರೆ ದೀಪ ಕೊಡ್ತಾರೆ. ಆದ್ರೆ ತೊಳೆದ ಕೈಯಲ್ಲೇ ಬಿಚ್ಚಿ ಕೆಳಗೆ ಹಾಕುದುಂಟಲ್ಲ, ಅದು ಮಾತ್ರ ನನ್ನಿಂದ ಆಗ್ಲಿಕ್ಕಿಲ್ಲ."

ದೀಪ ಅವರಿಗೆ ಇಂದಿನದಲ್ಲ. ಉಡುಪಿಯ ಹತ್ತಿರ ಕಟಪಾಡಿಯಲ್ಲಿ ಅವರ ಸೋದರಮಾವನದು ಮೈಕು, ಲೈಟಿನ ಅಂಗಡಿ. ಮದುವೆ ಮಂಟಪದ ಎದುರು ಮಿಣಮಿಣ ಎನ್ನುವ ಸುಸ್ವಾಗತದ ಬೋರ್ಡು, ನವಿಲು, ಗಣಪತಿ, ಎಲ್ಲವಕ್ಕೂ ಬಲ್ಬು ಬೆಸೆಯುತ್ತಿದ್ದವಳು ಈ ಸೊಸೆ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತರು. ಮದುವೆಯಾಗಿ ಗಂಡ ದೇರಣ್ಣನ ಜೊತೆ ಕೆನಡಾಕ್ಕೆ ಬಂದ ಮೇಲೆ ಕಾರ್ಖಾನೆಯ ಶಿಫ್ಟಿನಲ್ಲಿ ಪೊಟ್ಟಣ ಕಟ್ಟಿದರು. ಕೈಗೆ ಗೊತ್ತಿದ್ದ ವಿದ್ಯೆಯನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲು ಹೋಗಲಿಲ್ಲ. ಹಾಗೆಯೇ ಬದುಕು ಕಳೆದುಹೋಗುತ್ತಿತ್ತೋ ಏನೋ.

ಆಗ ದೇರಣ್ಣ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದರು. ಒಂದು ಮಂಜಿನ ಬೆಳಗ್ಗೆ ಇದೇ ಹೆದ್ದಾರಿಯಲ್ಲಿ, ಸಣ್ಣ ಏರು ದಾಟಿ ಇಳಿಯುವಾಗ ಮುಂದೆ ಕಾರುಗಳೆಲ್ಲ ನಿಂತುಬಿಟ್ಟಿದ್ದವು. ದೇರಣ್ಣ ಬ್ರೇಕ್ ಒತ್ತಿದರು, ವ್ಯಾನು ನಿಲ್ಲಲಿಲ್ಲ. ಜೀವ ಉಳಿಯಿತು, ಬಲಗಾಲಿನ ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಈಗ ಅವರು ಮನೆಯಲ್ಲೇ ನೀರುದೋಸೆ, ಕೋರಿ ರೊಟ್ಟಿಯ ಆರ್ಡರು ತೆಗೆದುಕೊಳ್ಳುತ್ತಾರೆ. ಎತ್ತರದ ಸ್ಟೂಲಿನ ಮೇಲೆ ಕಾಲು ನೀಡಿ ಕೂತು ಕಾವಲಿಗೆ ಹಿಟ್ಟು ಹೊಯ್ಯುತ್ತಾ, "ಅವಳಿಗೆ ಹೈವೇ ಎತ್ತರ, ನನಗೆ ಇಷ್ಟೇ ಎತ್ತರ," ಎಂದು ತಮಾಷೆ ಮಾಡುತ್ತಾರೆ. ಆ ಬೆಳಗಿನ ವಿಷಯ ಬಂದಾಗ ಮಾತ್ರ ತಮಾಷೆ ಬಿಡುತ್ತಾರೆ. "ನನ್ನ ತಪ್ಪೂ ಅಲ್ಲ, ಎದುರು ನಿಂತವನ ತಪ್ಪೂ ಅಲ್ಲ. ಗೊತ್ತಿರ್ಲಿಲ್ಲ, ಅಷ್ಟೇ. ಯಾರಾದ್ರೂ ಒಂದು ಮಾತು ಮೊದಲೇ ಹೇಳಿದ್ರೆ ಸಾಕಿತ್ತು."

ಆ ಮೊದಲೇ ಹೇಳುವ ಒಂದು ಮಾತಿಗಾಗಿ ನಳಿನಾಕ್ಷಿ ನಡುವಯಸ್ಸಿನಲ್ಲಿ ಮತ್ತೆ ಕಾಲೇಜಿನ ಬೆಂಚು ಹತ್ತಿದರು. ಮಗಳ ವಯಸ್ಸಿನ ಹುಡುಗರ ಜೊತೆ ಕೂತು ಪಾಸಾದರು. ಬೋರ್ಡುಗಳ ಗುತ್ತಿಗೆ ಹಿಡಿದ ಕಂಪನಿಗೆ ಸೇರಿದರು. ಮೊದಲ ದಿನ ಬುಟ್ಟಿಯಲ್ಲಿ ಮೇಲೆ ಹೋದಾಗ ಎತ್ತರದ ಕಡೆ ಅವರ ಗಮನವೇ ಹೋಗಲಿಲ್ಲವಂತೆ. "ಹತ್ರದಿಂದ ನೋಡಿದ್ರೆ ನಮ್ಮ ಮಾವನ ಸುಸ್ವಾಗತವೇ ಮಾರಾಯ್ರೆ. ಅದೇ ದೀಪದ ಸಾಲು, ಅದೇ ವೈರಿನ ಸಿಕ್ಕು. ಕಣ್ಣಲ್ಲಿ ನೀರು ಬಂತು."

ಆಮೇಲೆ ಅಕ್ಟೋಬರ್ ಬಂತು. ಕಳೆದ ವರ್ಷದ ಆಯುಧಪೂಜೆ.

ಆಯುಧಪೂಜೆಯ ದಿನ ನಮ್ಮವರ ಕೈ ಸುಮ್ಮನಿರುವುದಿಲ್ಲ. ಕಾರಿಗೆ, ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಹಿಮ ತಳ್ಳುವ ಸಲಿಕೆಗೆ, ಎಲ್ಲಕ್ಕೂ ಕುಂಕುಮ. ನಳಿನಾಕ್ಷಿ ಆ ಬೆಳಗ್ಗೆ ಲಾರಿಗೆ ಚೆಂಡುಹೂವಿನ ಮಾಲೆ ಹಾಕಿದರು, ಚಕ್ರದಡಿಗೆ ನಿಂಬೆಹಣ್ಣು ಇಟ್ಟರು. ಅವರ ಮೇಲ್ವಿಚಾರಕ ಗ್ಲೆನ್ ನಿಂಬೆಹಣ್ಣು ಪಚಕ್ಕೆನ್ನುವುದನ್ನು ಬಗ್ಗಿ ನೋಡಿ ಸಂತೋಷಪಟ್ಟ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅನ್ನ ಕೊಡುವುದು ಲಾರಿಯಲ್ಲ, ಬೋರ್ಡು. ಮೇಲೆ ಹೋದವರು ಅದರ ಹಣೆಗೂ ಒಂದು ಬೊಟ್ಟು ಇಟ್ಟರು. ಗಾಳಿಗೆ ಉದುರಬಾರದೆಂದು ಕುಂಕುಮವನ್ನು ಎಣ್ಣೆಯಲ್ಲಿ ಚೆನ್ನಾಗಿ ಕಲಸಿಕೊಂಡೇ ಹೋಗಿದ್ದರು.

ಬೋರ್ಡಿನ ಹಣೆಯ ಕೆಳಗೆ ಗಾಜಿನ ಸಣ್ಣದೊಂದು ಗುಂಡಿಯಿದೆ. ಹೊರಗೆ ಹಗಲೋ ರಾತ್ರಿಯೋ ಎಂದು ಬೋರ್ಡಿಗೆ ತಿಳಿಸುವ ಕಣ್ಣು ಅದು. ಹಗಲಾದರೆ ಅಂಕಿ ಪ್ರಖರವಾಗುತ್ತದೆ, ರಾತ್ರಿಯಾದರೆ ಚಾಲಕರ ಕಣ್ಣಿಗೆ ಚುಚ್ಚದಂತೆ ತಗ್ಗುತ್ತದೆ. ಇದು ನಳಿನಾಕ್ಷಿಗೆ ಗೊತ್ತಿಲ್ಲದ್ದಲ್ಲ. "ಕಣ್ಣಿಗೆ ಇಟ್ಟದ್ದಲ್ಲ, ಮೇಲೆ ಹಣೆಗೇ ಇಟ್ಟದ್ದು," ಎಂದು ಈಗಲೂ ಬೆರಳಿನಲ್ಲಿ ಅಂತರ ತೋರಿಸುತ್ತಾರೆ. ಮಧ್ಯಾಹ್ನ ಒಂದು ತುಂತುರು ಬಂತು. ಬೊಟ್ಟು ಮೆಲ್ಲನೆ ಇಳಿದು ಕಣ್ಣಿನ ಮೇಲೆ ಕೆಂಪಗೆ ಹರಡಿಕೊಂಡಿತು. ಆಮೇಲೆ ಝಗಝಗಿಸುವ ಬಿಸಿಲು ಬಿತ್ತು. ಬೋರ್ಡು ರಾತ್ರಿಯಾಯಿತೆಂದು ತಿಳಿದು ಅಂಕಿಯನ್ನು ತಗ್ಗಿಸಿಬಿಟ್ಟಿತು. ಕೆಳಗಿನಿಂದ ನೋಡಿದವರಿಗೆ ಕಂಡದ್ದು ಬರೀ ಕಪ್ಪು ಹಲಗೆ.

ಆ ಹೊತ್ತಿಗೆ ಮುಂದೆ ನಿಜವಾಗಿಯೂ ಕಾರುಗಳು ನಿಂತಿದ್ದವು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಕ್ಕನೆ ಬ್ರೇಕ್ ಹಾಕಿ ತೊಡೆಯ ಮೇಲೆಲ್ಲ ಬಿಸಿ ಕಾಫಿ ಚೆಲ್ಲಿಕೊಂಡವರಲ್ಲಿ ಒಬ್ಬರು ಥಾರ್ನ್‌ಹಿಲ್‌ನ ಉಮಾಶಂಕರ.

ಕಂಟ್ರೋಲ್ ರೂಮಿನಿಂದ ಕರೆ ಬಂದು, ನಳಿನಾಕ್ಷಿ ಮತ್ತೆ ಮೇಲೆ ಹೋಗಿ ನೋಡಿದಾಗ ಕೈಯ ಬಟ್ಟೆಗೆ ಕೆಂಪು ಹತ್ತಿತು. ಯಾರೂ ಏನೂ ಕೇಳುವ ಮೊದಲೇ, ಆ ಬಟ್ಟೆಯನ್ನು ಹಿಡಿದುಕೊಂಡೇ ಅವರು ಗ್ಲೆನ್ ಎದುರು ನಿಂತರು. ಗ್ಲೆನ್ ಬಟ್ಟೆಯನ್ನು ಮೂಸಿ ನೋಡಿದ. ಇದರಲ್ಲಿ ಕರೆಂಟು ಹಾಯುತ್ತದೆಯೇ ಎಂದು ಕೇಳಿದ. ಅರಿಸಿನ, ಸುಣ್ಣ, ಒಂದಿಷ್ಟು ಎಳ್ಳೆಣ್ಣೆ ಎಂದರು ಇವರು. ಬೈಗುಳ ಸಿಕ್ಕಿತು, ಸಿಗಬೇಕಾದದ್ದೇ. ಕೆಲಸ ಉಳಿಯಿತು.

ಉಳಿಯದೇ ಹೋದದ್ದು ಮನಸ್ಸಿನ ನೆಮ್ಮದಿ. ಉಮಾಶಂಕರರಿಗೆ ಒಂದು ಒಳ್ಳೆಯ ಕಥೆ ಸಿಕ್ಕಿತ್ತು, ಅವರು ಅದನ್ನು ಸುಮ್ಮನೆ ಬಿಡುವವರಲ್ಲ. ದೀಪಾವಳಿಯ ಊಟದಲ್ಲಿ ಹೇಳಿದರು, ರಾಜ್ಯೋತ್ಸವದಲ್ಲಿ ಹೇಳಿದರು, ದೇರಣ್ಣನ ಮನೆಗೆ ಬಂದು ನೀರುದೋಸೆ ಮುರಿಯುತ್ತಲೂ ಹೇಳಿದರು. ಪ್ರತಿಸಲವೂ ಕಾಫಿ ಇನ್ನಷ್ಟು ಬಿಸಿಯಾಗುತ್ತಿತ್ತು. "ಹೇಳಬೇಕಾದಾಗ ಬೋರ್ಡು ಮಲಗಿರುತ್ತೆ, ಏನೂ ಇಲ್ಲದಾಗ ಕೂಗುತ್ತೆ. ಇಂಥ ಕಂಪ್ಯೂಟರನ್ನ ನಂಬಿ ಕಾರು ಓಡಿಸ್ಬೇಕಂತೆ." ನಳಿನಾಕ್ಷಿ ತಲೆ ತಗ್ಗಿಸಿ ಅವರ ತಟ್ಟೆಗೆ ಇನ್ನೊಂದು ಸೌಟು ಚಟ್ನಿ ಬಡಿಸುತ್ತಿದ್ದರು. ಕಂಪನಿಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ನಮ್ಮವರ ನಡುವೆ ಬಾಯಿ ಬಿಡುವುದು ಯಾಕೋ ಆಗಲಿಲ್ಲ.

ಫೆಬ್ರವರಿಯಲ್ಲಿ ರಿಚ್ಮಂಡ್ ಹಿಲ್‌ನ ಒಂದು ಸಭಾಂಗಣದಲ್ಲಿ ಚಾಲಕರ ಅಭಿಪ್ರಾಯ ಕೇಳುವ ಸಭೆ ಕರೆದರು. ಹಿಮ ಬೀಳುತ್ತಿದ್ದರೂ ಕುರ್ಚಿಗಳೆಲ್ಲ ತುಂಬಿದ್ದವು. ಬೈಯಲು ಸಿಗುವ ಅವಕಾಶವನ್ನು ಹವಾಮಾನಕ್ಕಾಗಿ ಯಾರು ಬಿಡುತ್ತಾರೆ? ನಳಿನಾಕ್ಷಿ ಮತ್ತು ದೇರಣ್ಣ ಹಿಂದಿನ ಸಾಲಿನಲ್ಲಿ ಕೂತರು. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಬೋರ್ಡಿನ ಪರವಾಗಿ ಮಾತಾಡಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಕೊನೆಗೆ ಉಮಾಶಂಕರ ಎದ್ದರು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಖಾಲಿ ರಸ್ತೆಯ ಅರವತ್ತರ ಬಗ್ಗೆ ಹೇಳಿದರು, ಅಕ್ಟೋಬರಿನ ಕಪ್ಪು ಹಲಗೆಯ ಬಗ್ಗೆ ಹೇಳಿದರು, ಕಾಫಿಯ ಬಗ್ಗೆ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ಅಧಿಕಾರಿ ಅದು ತಾಂತ್ರಿಕ ಕಾರಣ, ಸರಿಪಡಿಸಲಾಗಿದೆ ಎಂದು ಮುಂದಿನವರನ್ನು ಕರೆದರು.

ತಾಂತ್ರಿಕ ಕಾರಣ. ನಳಿನಾಕ್ಷಿಗೆ ಅಲ್ಲೇ ಕೂತಿರಲು ಆಗಲಿಲ್ಲ. ಎದ್ದರು. ಮಂಡಿ ಮಡಚಲಾಗದ ದೇರಣ್ಣ ಕುರ್ಚಿ ಹಿಡಿದು ತಾವೂ ಎದ್ದು ನಿಂತು ಹೆಂಡತಿಗೆ ದಾರಿ ಬಿಟ್ಟರು.

ಮೈಕಿನ ಮುಂದೆ ನಳಿನಾಕ್ಷಿ ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಅದು ಕಂಪ್ಯೂಟರ್ ಅಲ್ಲ, ನಾನು. ನಮ್ಮಲ್ಲಿ ವರ್ಷಕ್ಕೊಂದು ದಿನ ದುಡಿಯುವ ಸಾಮಾನಿಗೆ ಪೂಜೆ ಮಾಡುತ್ತೇವೆ. ನಾನು ಬೋರ್ಡಿಗೆ ಬೊಟ್ಟು ಇಟ್ಟೆ, ಅದು ಇಳಿದು ಕಣ್ಣು ಮುಚ್ಚಿತು. ಅವತ್ತೇ ಕಂಪನಿಗೆ ಹೇಳಿದ್ದೇನೆ, ಇವತ್ತು ನಿಮಗೆ ಹೇಳುತ್ತಿದ್ದೇನೆ. ಬೋರ್ಡು ಬೇಕೋ ಬೇಡವೋ ನೀವೇ ಹೇಳಿ, ಆದರೆ ನನ್ನ ತಪ್ಪಿಗೆ ಅದನ್ನು ಇಳಿಸಬೇಡಿ. ಬೋರ್ಡು ಇಲ್ಲದ ಕಾಲದಲ್ಲಿ ಅದೇ ಜಾಗದಲ್ಲಿ ನನ್ನ ಗಂಡನ ಕಾಲು ಹೋಯಿತು.

ಸಭೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಮುದುಕಿ, ಎಲ್ಲ ಬೋರ್ಡಿಗೂ ನೀನೇ ಹತ್ತುತ್ತೀಯಾ ಎಂದು ಕೇಳಿದಳು. ಹೌದು ಎಂದರು. ಚಳಿಗಾಲದಲ್ಲೂ? ಚಳಿಗಾಲದಲ್ಲೇ ಜಾಸ್ತಿ. ಆಮೇಲೆ ಜನ ಅಧಿಕಾರಿಯನ್ನು ಬಿಟ್ಟು ಇವರನ್ನೇ ಕೇಳತೊಡಗಿದರು. ಅರವತ್ತು ಎಂದು ತೀರ್ಮಾನಿಸುವುದು ಯಾರು, ಯಾಕೆ ಎಂದದ್ದಕ್ಕೆ ಅದು ನನಗೆ ಗೊತ್ತಿಲ್ಲ, ವೇದಿಕೆಯ ಮೇಲಿರುವವರನ್ನು ಕೇಳಿ, ಅವರು ಹೇಳಿದ್ದು ನಿಮಗೆ ಕಾಣುವ ಹಾಗೆ ಮಾಡುವುದಷ್ಟೇ ನನ್ನದು ಎಂದರು.

ಹೊರಗೆ ಜಾಕೆಟ್ಟು ಹಾಕಿಕೊಳ್ಳುವಾಗ ವಿಜಯಪುರ ಕಡೆಯ ರೇವಣಸಿದ್ದಪ್ಪ ಹುಡುಕಿಕೊಂಡು ಬಂದರು. ದೊಡ್ಡ ಟ್ರೈಲರ್ ಓಡಿಸುವವರು. "ನೋಡ್ರಿ ಅಕ್ಕಾರ, ನನ್ನ ಗಾಡಿ ನಿಂದ್ರಬೇಕಂದ್ರ ಭಾಳ ದೂರ ಬೇಕ್ರಿ. ಹಂಗಾಗಿ ನಾನು ಆ ಬೋರ್ಡ್ ನೋಡಾಂವನ. ಆದ್ರ ಯಾವುದೋ ಮಷೀನು ಹೇಳ್ತೈತಿ ಅಂತ ತಿಳ್ಕೊಂಡಿದ್ದೆ. ಮ್ಯಾಲೆ ನಮ್ಮ ಮಂದಿ ಒಬ್ಬಾಕಿ ಅದಾಳ ಅಂತ ಗೊತ್ತಿರಲಿಲ್ಲ." ಅಷ್ಟು ಹೇಳಿ ಕೈ ಮುಗಿದು ಹೋದರು.

ಉಮಾಶಂಕರ ಮಾತ್ರ ಬಾಗಿಲ ಹತ್ತಿರ ಕಾರಿನ ಕೀಲಿ ತಿರುಗಿಸುತ್ತಾ ನಿಂತಿದ್ದರು. "ನಿಮ್ಮನೇಲೇ ಕೂತು ದೋಸೆ ತಿಂತಾ ಹೇಳಿದೀನಲ್ರೀ ಈ ಕಥೇನ. ಒಂದ್ಸಲಾನಾದ್ರೂ ತಡೀಬಾರ್ದಿತ್ತಾ?"

"ನೀವು ಅಷ್ಟು ಚಂದ ಮಾಡಿ ಹೇಳ್ತಿದ್ರಿ," ಎಂದರು ನಳಿನಾಕ್ಷಿ. "ಅಡ್ಡ ಬಾಯಿ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ."

ತೀರ್ಮಾನ ಇನ್ನೂ ಬಂದಿಲ್ಲ. ಬರುವವರೆಗೂ ಉಪ್ಪು ಕೂರುವುದು ನಿಲ್ಲುವುದಿಲ್ಲ, ನಳಿನಾಕ್ಷಿ ಮೇಲೇರುವುದೂ ನಿಲ್ಲುವುದಿಲ್ಲ. ಮುಂದಿನ ಆಯುಧಪೂಜೆಗೆ ಏನು ಮಾಡುತ್ತೀರಿ ಎಂದರೆ ಅವರ ಉತ್ತರ ತಯಾರಿದೆ. "ಬೊಟ್ಟು, ಹೂ, ನಿಂಬೆಹಣ್ಣು ಎಲ್ಲ ಲಾರಿಗೆ. ಬೋರ್ಡಿಗೆ ಬರೀ ಬಿಸಿನೀರು. ಅದೇ ಅದಕ್ಕೆ ಅಭಿಷೇಕ." ಶ್ರೇಯಾ ಈಗ ಕಾಲೇಜಿಗೆ ಹೋಗುವಾಗ ಬೋರ್ಡಿನ ಅಂಕಿಯ ವರದಿಯನ್ನು ಅಮ್ಮನಿಗೆ ಒಪ್ಪಿಸುತ್ತಾಳೆ, ಅದೂ ಕಾರು ನಿಲ್ಲಿಸಿದ ಮೇಲೆ. "ಯುವರ್ ಎಯ್ಟಿ ಲುಕ್ಡ್ ಗುಡ್ ಟುಡೇ," ಎಂಬ ಮೆಸೇಜನ್ನು ನಳಿನಾಕ್ಷಿ ಅಳಿಸದೆ ಇಟ್ಟುಕೊಂಡಿದ್ದಾರೆ.

ಕಳೆದ ಭಾನುವಾರ ರಿಚ್ಮಂಡ್ ಹಿಲ್‌ನ ದೇವಸ್ಥಾನದ ಪಾರ್ಕಿಂಗಿನಲ್ಲಿ ಉಮಾಶಂಕರ ಮತ್ತೆ ಸಿಕ್ಕರು. ಕೈಯಲ್ಲಿ ಪ್ರಸಾದದ ದೊನ್ನೆ. ಅತ್ತಿತ್ತ ನೋಡಿ, ಗುಟ್ಟು ಹೇಳುವವರ ಹಾಗೆ ಹತ್ತಿರ ಬಂದರು.

"ಶುಕ್ರವಾರ ಒಶಾವಾದಿಂದ ಬರ್ತಿದ್ದೆ ಕಣ್ರೀ. ಬೋರ್ಡಲ್ಲಿ ಎಂಬತ್ತು ಬಂತು. ಎದುರಿಗೆ ರೋಡು ಕ್ಲಿಯರ್ ಇತ್ತು. ಆದ್ರೂ ಎಂಬತ್ತಕ್ಕೇ ಇಳಿಸ್ದೆ. ಹಿಂದಿನವನು ಹಾರ್ನ್ ಹೊಡ್ದ, ಹೊಡ್ಕೊಳ್ಲಿ ಬಿಡು ಅಂದ್ಕೊಂಡೆ."

"ಮತ್ತೆ ಮುಂದೆ ಎಂತ ಇತ್ತು?" ಎಂದು ಕೇಳಿದರು ನಳಿನಾಕ್ಷಿ.

ಉಮಾಶಂಕರ ದೊನ್ನೆಯನ್ನು ಒಮ್ಮೆ ನೋಡಿಕೊಂಡರು. "ಏನೂ ಇರ್ಲಿಲ್ಲ. ಎಲ್ಲೂ ನಿಲ್ದೆ ಸೀದಾ ಮನೆಗೆ ಬಂದೆ."

ನಳಿನಾಕ್ಷಿ ಗಂಡನ ಕಡೆ ತಿರುಗಿದರು. ಕಾರಿಗೆ ಒರಗಿ, ಕಾಲು ಚಾಚಿ ನಿಂತಿದ್ದ ದೇರಣ್ಣ ಆಗಲೇ ನಗುತ್ತಿದ್ದರು. ಬಂಗಾರದ ಪದಕ ಗೆದ್ದು ಬಂದವರ ಹೆಮ್ಮೆ ಆ ಮುಖದಲ್ಲಿತ್ತು.

"ಕೇಳಿತಾ ನಿಮಗೆ?" ಎಂದರು ನಳಿನಾಕ್ಷಿ. "ಏನೂ ಇರ್ಲಿಲ್ಲ ಅಂತೆ."